ಬೂದು ಬಣ್ಣದ ಅಧಿಕೃತ ಮಾದರಿ

ಬೂದು ಬಣ್ಣದಲ್ಲಿ ಎರಡು ಬಗೆ: ಬೆಚ್ಚನೆಯದು ಮತ್ತು ತಣ್ಣನೆಯದು. ಈ ವ್ಯತ್ಯಾಸ ತಿಳಿಯದೆಯೇ ಮೇಷ್ಟ್ರು ಐವತ್ತು ದಾಟಿದ್ದರು. ಅದರಿಂದ ಅವರ ಊಟಕ್ಕಾಗಲಿ ನಿದ್ದೆಗಾಗಲಿ ಯಾವ ತೊಂದರೆಯೂ ಆಗಿರಲಿಲ್ಲ.

ಮೇಷ್ಟ್ರು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವರು. ಯಾವುದನ್ನೂ ಪುರಾವೆಯಿಲ್ಲದೆ ನಂಬುವವರಲ್ಲ ಎಂಬ ಖ್ಯಾತಿ ಅವರಿಗಿತ್ತು. ಆ ಖ್ಯಾತಿಯೊಂದನ್ನು ಮಾತ್ರ ಅವರು ಪುರಾವೆಯಿಲ್ಲದೆ ನಂಬಿದ್ದರು. ಹಾಗಾಗಿ ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿಬಂದು, "ಅಕ್ಕ ಹಾಲ್‌ಗೆ ಬೆಚ್ಚನೆಯ ಬೂದು ಹೊಡೆಸಿದಾಳೆ ರೀ. ಒಳಗೆ ಕಾಲಿಟ್ರೆ ಯಾರೋ ಶಾಲು ಹೊದಿಸಿದ ಹಾಗಿರತ್ತೆ" ಎಂದಾಗ ಅವರು ನಕ್ಕುಬಿಟ್ಟರು.

"ಗೋಡೆಗೆ ಜ್ವರ ಬರತ್ತೇನೇ, ಬೆಚ್ಚಗಿರೋಕೆ?"

"ನಿಮಗೆ ಅರ್ಥ ಆಗಲ್ಲ, ಬಿಡಿ. ಭಾವನಿಗೇ ಅರ್ಥ ಆಯ್ತು."

ಭಾವ ಟೈರು ಮಾರುವವನು. ಅಂದು ಸಂಜೆಯೇ ಮೇಷ್ಟ್ರು ಬಣ್ಣದಂಗಡಿಯಲ್ಲಿದ್ದರು.

ಅಂಗಡಿಯವನು ನಾಡಿ ಹಿಡಿಯುವ ವೈದ್ಯನ ದನಿಯಲ್ಲಿ ಕೇಳಿದ: "ಕಿಟಕಿ ಯಾವ ದಿಕ್ಕಿಗಿದೆ ಸಾರ್? ಬಲ್ಬು ಹಳದಿಯೋ ಬಿಳಿಯೋ? ಮನೇಲಿ ಎಲ್ಲರೂ ಹೊಂದ್ಕೊಂಡಿದೀರಾ?" ಆಮೇಲೆ ಬೀಸಣಿಗೆಯಂತೆ ಬಣ್ಣದ ಪಟ್ಟಿಗಳನ್ನು ಬಿಚ್ಚಿದ. ಪ್ರತಿಯೊಂದಕ್ಕೂ ಹೆಸರಿತ್ತು: ‘ಆನೆಯ ಮೌನ’, ‘ಬೆಕ್ಕಿನ ಮಧ್ಯಾಹ್ನ’, ‘ಮಳೆಗೆ ಮುಂಚಿನ ನಿಮಿಷ’. ಮೇಷ್ಟ್ರಿಗೆ ಎಲ್ಲವೂ ಒಂದೇ ಥರ ಕಂಡವು. ಹಾಗೆಂದು ಹೇಳುವಷ್ಟು ಧೈರ್ಯ, ತರ್ಕಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರಿಗೆ ಇರುವುದಿಲ್ಲ.

"‘ಆನೆಯ ಮೌನ’ದಲ್ಲಿ ನೀಲಿ ಸ್ವಲ್ಪ ಜಾಸ್ತಿ ಆಯ್ತೇನೋ" ಎಂದರು.

ಅಂಗಡಿಯವನು ಕನ್ನಡಕ ತೆಗೆದು ಅವರನ್ನು ಗೌರವದಿಂದ ನೋಡಿದ. ಮೇಷ್ಟ್ರು ಕೆಟ್ಟದ್ದು ಅಲ್ಲೇ.

ಮರುದಿನ ಮನೆಯಲ್ಲಿ ಗೋಡೆ ಸಮಿತಿ ರಚನೆಯಾಯಿತು. ಅಧ್ಯಕ್ಷರು ಮೇಷ್ಟ್ರು, ಕಾರ್ಯದರ್ಶಿ ಹೆಂಡತಿ, ತಾಂತ್ರಿಕ ಸಲಹೆಗಾರ ಪೇಂಟರ್. ಮೇಷ್ಟ್ರ ತಾಯಿಯನ್ನು ಸೇರಿಸಿಕೊಳ್ಳಲಿಲ್ಲ. ಆಕೆ ಇಡೀ ದಿನ ಹಾಲ್‌ನ ಕಿಟಕಿಯ ಬಳಿ, ಸದರಿ ಗೋಡೆಗೆ ಒರಗಿದಂತೆ, ತಮ್ಮ ಕೆಂಪು ಕುರ್ಚಿಯಲ್ಲಿ ಕೂರುತ್ತಿದ್ದರು; ಇಷ್ಟು ಹತ್ತಿರದವರು ನಿಷ್ಪಕ್ಷಪಾತಿಗಳಾಗಿರಲು ಸಾಧ್ಯವಿಲ್ಲ ಎಂದು ಸಮಿತಿ ಅಭಿಪ್ರಾಯಪಟ್ಟಿತು. ಆ ಕುರ್ಚಿಯಿಂದ ಅಮ್ಮ ಬೀದಿಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದರು. ಯಾರ ಮನೆಗೆ ಹೊಸ ಫ್ರಿಜ್ಜು ಬಂತು, ಎದುರುಮನೆಯ ಗಂಡ ಹೆಂಡತಿ ಇವತ್ತು ಒಟ್ಟಿಗೆ ಹೊರಟರೋ ಬೇರೆಬೇರೆಯಾಗಿಯೋ, ಎಲ್ಲವೂ ಆಕೆಯ ಮೂಲಕವೇ ಮನೆಗೆ ತಲುಪಬೇಕಿತ್ತು.

ಪೇಂಟರ್ ಗೋಡೆಯ ಮೇಲೆ ಸಾಲಾಗಿ ತೇಪೆಗಳನ್ನು ಬಳಿದ. ಅವನಿಗೊಂದು ಕಾರ್ಯನೀತಿಯಿತ್ತು: ಎಲ್ಲರ ಮಾತಿಗೂ ಹೌದೆನ್ನುವುದು, ಮತ್ತು ಇನ್ನೊಂದು ಡಬ್ಬಿ ತರಿಸುವುದು.

"ಇದು ಬೆಳಿಗ್ಗೆ ಗುಲಾಬಿ ಆಗತ್ತೆ" ಎಂದರು ಹೆಂಡತಿ.

"ಆಗತ್ತೆ ಮೇಡಂ."

"ಇಲ್ಲಪ್ಪ, ನೇರಳೆ" ಎಂದರು ಮೇಷ್ಟ್ರು.

"ನೇರಳೇನೇ ಸಾರ್. ಗುಲಾಬಿ ಒಳಗಿನ ನೇರಳೆ. ಇನ್ನೊಂದ್ ಡಬ್ಬಿ ಬೇಕಾಗತ್ತೆ."

ಅಮ್ಮ ಕುರ್ಚಿಯಿಂದ ತಿರುಗದೆಯೇ ಹೇಳಿದರು: "ಒಳ್ಳೇ ಚರ್ಮರೋಗ ಬಂದ ಹಾಗಿದೆ ಗೋಡೆಗೆ."

ಕೊನೆಗೆ ‘ಬೆಕ್ಕಿನ ಮಧ್ಯಾಹ್ನ’ ಸರ್ವಾನುಮತದಿಂದ ಆಯ್ಕೆಯಾಗಿ ಇಡೀ ಗೋಡೆಗೆ ಏರಿತು. ಒಣಗಿದ ಮೇಲೆ ನೋಡಿದರೆ ಹೆಂಡತಿ ಹೇಳಿದಂತೆ ಗುಲಾಬಿಯೇ. ಸಲಹೆಗಾರ ಗೋಡೆಗೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ, ದೋಷ ಬಣ್ಣದ್ದಲ್ಲ ಎಂದು ವರದಿ ಕೊಟ್ಟ.

"ಬೆಳಕು ಪರದೆ ಮೇಲೆ ಬಿದ್ದು ಗೋಡೆಗೆ ಹೊಡೀತಿದೆ ಸಾರ್."

ಕೇಸರಿ ಪರದೆ ಇಳಿಯಿತು. ಗೋಡೆ ಹಾಗೇ ಇತ್ತು. ಕಂದು ಸೋಫಾ ಅಡುಗೆಮನೆಗೆ ಹೋಯಿತು. ಒಲೆಯ ಮುಂದೆ ಸೋಫಾ ಇರುವ ಅನುಕೂಲವನ್ನು ಹೆಂಡತಿ ಎರಡು ದಿನ ಹೊಗಳಿದರು. ಗೋಡೆ ಹಾಗೇ ಇತ್ತು. ಆಗ ಮೂವರ ಕಣ್ಣೂ ಒಟ್ಟಿಗೆ ಕೆಂಪು ಕುರ್ಚಿಯ ಮೇಲೆ ಬಿತ್ತು.

ಮಾರನೆಯ ಬೆಳಿಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ ಪ್ರಕಟಣೆ ಅಂಟಿತ್ತು:

"ಈ ಮೂಲಕ ಮನೆಯ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಗೋಡೆಯ ಹಿತದೃಷ್ಟಿಯಿಂದ ಕೆಂಪು, ಹಳದಿ ಹಾಗೂ ಇತರೆ ಉದ್ರೇಕಕಾರಿ ಬಣ್ಣದ ವಸ್ತುಗಳನ್ನು, ಸದರಿ ವಸ್ತುಗಳ ಮೇಲೆ ಕೂರುವವರನ್ನು ಒಳಗೊಂಡಂತೆ, ಮುಂದಿನ ಆದೇಶದವರೆಗೆ ಹಿಂದಿನ ಕೋಣೆಗೆ ವರ್ಗಾಯಿಸಲಾಗಿದೆ. ಅಧ್ಯಕ್ಷರು, ಗೋಡೆ ಸಮಿತಿ."

"ಇದರಲ್ಲಿ ಅಮ್ಮ ಅನ್ನೋ ಪದಾನೇ ಇಲ್ಲವಲ್ಲೋ" ಎಂದರು ಅಮ್ಮ.

"ಹೆಸರು ಹಾಕಿದ್ರೆ ವೈಯಕ್ತಿಕ ಆಗತ್ತಮ್ಮ. ಇದು ಬರೀ ನಿಯಮ."

"ಸರಿ ಕಣಪ್ಪ. ನಿನ್ನ ಹೆತ್ತದ್ದೂ ವೈಯಕ್ತಿಕ ಅಲ್ಲ ಅಂದ್ಕೋತೀನಿ."

ಮೇಷ್ಟ್ರಿಗೆ ಒಂದು ಕ್ಷಣ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಗೋಡೆಯ ಕಡೆ ಇಟ್ಟರು.

ಹಿಂದಿನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ನೀರಿನ ಪೈಪು. ಅಮ್ಮ ಅದನ್ನು ನೋಡುತ್ತ ಕೂತರು. ಮಾತು ಕಡಿಮೆಯಾಯಿತು, ಊಟ ಅರ್ಧಕ್ಕೆ ನಿಂತಿತು. ಏನಾದರೂ ವಿಶೇಷವಿದೆಯೇ ಎಂದು ಸೊಸೆ ಕೇಳಿದರೆ, "ಪೈಪು ತೊಟ್ಟಿಕ್ತಿದೆ" ಎನ್ನುವರು. ಬೀದಿಯ ಸುದ್ದಿ ನಿಂತುಹೋಗಿ, ಎದುರುಮನೆ ಖಾಲಿಯಾದದ್ದು ಕೂಡ ಇವರಿಗೆ ಹೊಸಬರು ಸಕ್ಕರೆ ಕೇಳಲು ಬಂದಾಗಲೇ ಗೊತ್ತಾಯಿತು.

ಇಷ್ಟಾಗಿ ಗೋಡೆ ಸುಧಾರಿಸಿತೇ? ಕುರ್ಚಿ ಹೋದದ್ದೇ ತಡ, ಅದು ಆಸ್ಪತ್ರೆಯ ಮೊಗಸಾಲೆಯಂತೆ ತಣ್ಣಗಾಯಿತು. ಸಮಿತಿಯವರು ಶಾಲು ಹೊದ್ದು ಪರಿಶೀಲಿಸಿದರು. ಅಂಗಡಿಯವನನ್ನೇ ಕರೆಸಿದಾಗ ಅವನು ತುಂಬಾ ಹೊತ್ತು ಗೋಡೆಯನ್ನು ದಿಟ್ಟಿಸಿ, "ನಿಮಗೆ ಬೇಕಾಗಿರೋ ಬೂದು ಯಾವುದು ಅಂತ ಒಂದು ವಸ್ತು ತೋರಿಸಿ ಸಾರ್. ಬರೀ ಬಾಯಲ್ಲಿ ಬೆಚ್ಚಗೆ ಬೆಚ್ಚಗೆ ಅಂದ್ರೆ ಹೇಗೆ?" ಎಂದ. ಪಾತ್ರೆ, ಕಲ್ಲು, ಮೇಷ್ಟ್ರ ಹಳೆಯ ಸ್ವೆಟರು, ಎಲ್ಲ ತಂದು ಹಿಡಿದರು. ಯಾವುದೂ ಅದಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಏನೋ ಗದ್ದಲವಾಯಿತು. ಯಾರದೋ ಸ್ಕೂಟರು, ಯಾರದೋ ಕೈಗಾಡಿ. ಹಿಂದಿನ ಕೋಣೆಯಿಂದ ಅಮ್ಮ ನಿಯಮವನ್ನೂ ಗೋಡೆಯನ್ನೂ ಲೆಕ್ಕಿಸದೆ ಸರಸರನೆ ಬಂದು ಕಿಟಕಿಗೆ ಮುಖವಿಟ್ಟು ನಿಂತರು. ಸಂಜೆಯ ಬೆಳಕು ತುರುಬಿನ ಮೇಲೆ ಬಿತ್ತು.

"ಅಜ್ಜಿ, ಅಲ್ಲಾಡ್ಬೇಡಿ!" ಎಂದು ಪೇಂಟರ್ ಕೂಗಿದ.

ಅಂಗಡಿಯವನು ತುದಿಗಾಲಲ್ಲಿ ಹೋಗಿ ಒಂದೊಂದೇ ಪಟ್ಟಿಯನ್ನು ಆಕೆಯ ತಲೆಯ ಪಕ್ಕ ಹಿಡಿದ. ಹೆಂಡತಿ ಕೆನ್ನೆಗೆ ಕೈ ಹಚ್ಚಿ, "ರೀ, ಇದೇ ರೀ. ಇದೇ ಬೂದು" ಎಂದರು. ಮೇಷ್ಟ್ರು ಹುಟ್ಟಿದಾಗಿನಿಂದ ಆ ತಲೆಯನ್ನು ನೋಡಿದ್ದರು. ಬಣ್ಣವೆಂದು ಎಂದೂ ನೋಡಿರಲಿಲ್ಲ.

"ಏನ್ ಹುಡುಕ್ತಿದೀರೋ ನನ್ನ ತಲೇಲಿ? ಹೇನಿಲ್ಲ" ಎಂದರು ಅಮ್ಮ. ವಿಷಯ ತಿಳಿದ ಮೇಲೆ ಕಿಟಕಿಯಿಂದ ಕದಲಲಿಲ್ಲ. "ಮಾದರಿ ಬೇಕಾದ್ರೆ ಮಾದರಿ ಕೂರಬೇಕು. ಕೂರೋಕೆ ಕುರ್ಚಿ ಬೇಕು. ನಂದೇ ಕುರ್ಚಿ."

"ಅಮ್ಮ, ಅದು ಕೆಂಪು..."

"ಹಂಗಾದ್ರೆ ನಿಮ್ಮ ಗೋಡೆ, ನಿಮ್ಮ ಹಣೆಬರಹ. ನನಗೆ ಪೈಪಿದೆ."

ಸಮಿತಿ ತುರ್ತು ಸಭೆ ಸೇರಿತು. ಕುರ್ಚಿಯನ್ನು ಮಾದರಿಯ ಅವಿಭಾಜ್ಯ ಅಂಗವೆಂದು ಘೋಷಿಸಲಾಯಿತು. ಕುರ್ಚಿಯ ಕೆಂಪು ಗೋಡೆಯ ಮೇಲೆ ಬಿದ್ದರೂ ಅಮ್ಮನ ತಲೆಗೆ ಹೊಂದುವಂತೆ ಬಣ್ಣವನ್ನು ಹೊಸದಾಗಿ ಕಲಸಿ ಬಳಿಯಲಾಯಿತು. ಈ ಸಲ ಬಣ್ಣ ಕೂತಿತು. ಒಳಗೆ ಕಾಲಿಟ್ಟರೆ ಶಾಲು ಹೊದಿಸಿದಂತೆಯೇ ಆಗುತ್ತಿತ್ತು. ಆದರೆ ಅಮ್ಮ ಕುರ್ಚಿಯಲ್ಲಿದ್ದಾಗ ಮಾತ್ರ. ಆಕೆ ಸ್ನಾನಕ್ಕೆ ಎದ್ದರೆ ಗೋಡೆ ಪೆಚ್ಚಾಗುತ್ತಿತ್ತು, ಮನೆಯವರು ಅಡುಗೆಮನೆಯ ಸೋಫಾದಲ್ಲಿ ಕಾಯುತ್ತಿದ್ದರು. ಹೊಸ ಪ್ರಕಟಣೆಯ ಪ್ರಕಾರ ಮಾದರಿಯು ತಲೆಗೆ ಎಣ್ಣೆ ಹಚ್ಚುವ ಮುನ್ನ ಕಾರ್ಯದರ್ಶಿಗೆ ತಿಳಿಸಬೇಕು. ಮಾದರಿಗೆ ಹೊತ್ತುಹೊತ್ತಿಗೆ ಕಾಫಿ ಒದಗಿಸಬೇಕು. ಎರಡನೆಯ ನಿಯಮವನ್ನು ಬರೆಸಿದ್ದು ಮಾದರಿಯೇ.

ಅಕ್ಕ ನೋಡಲು ಬಂದಳು. ಬಾಗಿಲಲ್ಲೇ ನಿಂತು, ಹೊಟ್ಟೆಕಿಚ್ಚನ್ನು ಬಚ್ಚಿಡದೆ ಕೇಳಿದಳು: "ಯಾವುದೇ ಈ ಶೇಡು?"

"ಅತ್ತೆ" ಎಂದರು ಹೆಂಡತಿ.

"ಅಯ್ಯೋ, ನಮ್ಮತ್ತೆ ಕಪ್ಪು ಹಚ್ಕೋತಾರಲ್ಲೇ" ಎಂದು ಅಕ್ಕ ಕುಸಿದು ಕೂತಳು.

ಈಗ ಬಣ್ಣದಂಗಡಿಯ ಪಟ್ಟಿಯಲ್ಲಿ ‘ಬೆಕ್ಕಿನ ಮಧ್ಯಾಹ್ನ’ದ ಪಕ್ಕ ‘ಅತ್ತೆ’ ಇದೆ. ಪೇಂಟರ್ ಹೊಸ ಮನೆಗೆ ಹೋದರೆ ಮೊದಲು ಹಿರಿಯರನ್ನು ಹೊರಗೆ ಬೆಳಕಿಗೆ ಕರೆತರಲು ಹೇಳುತ್ತಾನೆ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ.

ಮೊನ್ನೆ ಅವನು ಉಳಿದ ಡಬ್ಬಿ ಒಯ್ಯಲು ಬಂದವನು ಮೇಷ್ಟ್ರ ಕಿವಿಯ ಬಳಿಯ ನರೆಗೂದಲಿಗೆ ಪಟ್ಟಿ ಹಿಡಿದು ನೋಡಿದ.

"ಇನ್ನೂ ತಣ್ಣಗಿದೆ ಸಾರ್. ಒಂದಷ್ಟು ವರ್ಷ ಹೋಗ್ಲಿ."

ಪುರಾವೆಯೇನು ಎಂದು ಕೇಳಬಹುದಿತ್ತು. ಮೇಷ್ಟ್ರು ಕೇಳಲಿಲ್ಲ; ಕನ್ನಡಿಯ ಮುಂದೆ ನಿಂತಾಗ ಅವರಿಗೂ ನೀಲಿ ಸ್ವಲ್ಪ ಜಾಸ್ತಿ ಎನ್ನಿಸಿತ್ತು.

"ಲೋ, ಪಕ್ಕಕ್ಕೆ ಸರಿಯೋ" ಎಂದರು ಅಮ್ಮ ಕುರ್ಚಿಯಿಂದ. "ಬೆಳಕಿಗೆ ಅಡ್ಡ ಬಂದಿದೀಯ. ಗೋಡೆ ತಣ್ಣಗಾಗ್ತಿದೆ."

ಮೇಷ್ಟ್ರು ಸರಿದು ನಿಂತರು.