ಸುರಂಗದಲ್ಲಿ ಚನ್ನವೀರಪ್ಪನವರು

ರಂಜನಾಬಾಯಿಯವರನ್ನು ಬ್ಯಾಡಗಿ ಮೆಣಸಿನಕಾಯಿಯಂತೆ ಅಂಗೈಯಲ್ಲಿಟ್ಟು ಪರೀಕ್ಷಿಸಿದರೆ ಹೀಗೆ ಹೇಳಬಹುದು: ವಯಸ್ಸು ಐವತ್ತಮೂರು, ಎತ್ತರ ಐದಡಿಗೆ ಒಂದಿಂಚು ಕಡಿಮೆ, ಬಣ್ಣ ಮಾಸಿಲ್ಲ, ಖಾರ ಇಳಿದಿಲ್ಲ, ಬಲ ಮೊಣಕಾಲಿನ ಮೇಲೊಂದು ಹೊಲಿಗೆಯ ಗುರುತು. ಸರಕು ಒಂದನೇ ದರ್ಜೆಯದು. ಆದರೆ ಹನ್ನೊಂದು ತಿಂಗಳಿಂದ ಗೋದಾಮು ಬಿಟ್ಟು ಹೊರಬಿದ್ದಿಲ್ಲ!

ಹೀಗೆ ಅಂದಾಜು ಕಟ್ಟಿದವರು ಬೇರೆ ಯಾರೂ ಅಲ್ಲ, ಅವರ ಯಜಮಾನರಾದ ಚನ್ನವೀರಪ್ಪನವರು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷದಿಂದ ಮೆಣಸಿನಕಾಯಿ ವ್ಯಾಪಾರ. ಚೀಲದ ಬಾಯಿ ಬಿಚ್ಚದೆ, ಬರೀ ತಟ್ಟಿ ನೋಡಿ ಒಳಗೆ ತೇವ ಎಷ್ಟಿದೆ ಎಂದು ಹೇಳಬಲ್ಲ ಆಸಾಮಿ. ಹೆಂಡತಿಯ ಒಳಗೇನಿದೆ ಎಂಬುದು ಮಾತ್ರ ಎಷ್ಟು ತಟ್ಟಿದರೂ ತಿಳಿದಿರಲಿಲ್ಲ.

ಮೊದಲು ಹೀಗಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ರಂಜನಾಬಾಯಿಯವರು ತಮ್ಮ ನಾಯಿ ಕುಂದಾಳನ್ನು ಕರೆದುಕೊಂಡು ಮಗರಪಟ್ಟಾದ ಆಚೆಯ ಮೈದಾನಕ್ಕೆ ಹೋಗುತ್ತಿದ್ದರು. ಅಲ್ಲಿ ನಾಯಿಗಳಿಗೆ ಅಜಿಲಿಟಿ ತರಬೇತಿ. ಅಡ್ಡಗೋಲು ಜಿಗಿಯುವುದು, ಹಲಗೆ ಹತ್ತಿಳಿಯುವುದು, ಬಟ್ಟೆಯ ಸುರಂಗದಲ್ಲಿ ನುಸುಳುವುದು. ಪಕ್ಕದಲ್ಲಿ ನಾಯಿ ಸಾಕಿದವರೂ ಓಡುತ್ತ ದಾರಿ ತೋರಿಸಬೇಕು. ಕುಂದಾ ಓಡುವಾಗ ರಂಜನಾಬಾಯಿಯವರು ಹೊಟ್ಟೆಯಿಂದ ನಗುತ್ತಿದ್ದರು. ಒಂದು ದಿನ ಜಾರಿ ಬಿದ್ದರು, ಮೊಣಕಾಲಿನ ಆಪರೇಷನ್ ಆಯಿತು, ಮೈದಾನ ನಿಂತಿತು. ಓಡಬಹುದು ಎಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾದರೂ ಅವರು ಹೊಸ್ತಿಲು ದಾಟಲಿಲ್ಲ. ಕುಂದಾ ಭಾನುವಾರ ಬಂದರೆ ಬೆಲ್ಟನ್ನು ಬಾಯಲ್ಲಿ ಕಚ್ಚಿಕೊಂಡು ಬಾಗಿಲ ಮುಂದೆ ಮಲಗುತ್ತಿದ್ದಳು. ಚನ್ನವೀರಪ್ಪನವರು ಕಚ್ಚಿಕೊಳ್ಳಲು ಏನೂ ಇಲ್ಲದೆ ಪೇಪರು ಹಿಡಿದು ಕೂರುತ್ತಿದ್ದರು. ಆ ನಗು ಮತ್ತೆ ಕೇಳಬೇಕು. ಆದರೆ ಕೇಳುವುದು ಹೇಗೆ?

ಒಂದು ಶನಿವಾರ ರೊಟ್ಟಿ ಮುರಿಯುತ್ತ ಗುಡುಗಿದರು: "ನಾಳೆ ಕುಂದಾನ್ನ ನಾನ ಓಡಸ್ತೀನಿ!"

"ನೀವು? ಲಿಫ್ಟ್ ಕೆಟ್ಟಿತ್ತಂತ ಅಂಗಡಿಗೆ ರಜಾ ಹಾಕಿದವರು?"

"ನಾಲ್ಕು ಟ್ರಕ್ ಮಾಲು ಎರಡು ಬೆರಳಿನಾಗ ಆಡಿಸಿದಾವ ನಾನು. ಒಂದು ನಾಯಿ ಯಾವ ಲೆಕ್ಕ!"

"ಆತ್ರಿ, ನಾನೂ ಬರ್ತೀನಿ. ಆದ್ರ ಮೈದಾನಕ್ಕ ಕಟ್ಟಿದ ಹಗ್ಗದ ಒಳಗ ಕಾಲಿಡೂದಿಲ್ಲ. ಕುರ್ಚಿ ಮ್ಯಾಲೆ ಕುಂತು ನೋಡ್ತೀನಿ. ಇಂಥಾ ತಮಾಷಿ ಪುಕ್ಕಟೆ ಎಲ್ಲಿ ಸಿಗತದ?"

ಚನ್ನವೀರಪ್ಪನವರು ಒಳಗೊಳಗೇ ಹಿಗ್ಗಿದರು. ಗಿರಾಕಿ ಅಂಗಡಿಯ ತನಕ ಬಂದರೆ ಅರ್ಧ ವ್ಯಾಪಾರ ಕುದುರಿದಂತೆ!

ಮೈದಾನದಲ್ಲಿ ತರಬೇತುಗಾರ್ತಿ ಹರ್ಷದಾ ತಾಳ್ಮೆಯಿಂದ ತಿಳಿಸಿ ಹೇಳಿದಳು. ನಾಯಿ ಮಾತಿಗಿಂತ ಮೈಯನ್ನು ಓದುತ್ತದೆ. ಕೈ ಎತ್ತ ಚಾಚುತ್ತೀರೋ, ಮುಖ ಎತ್ತ ತಿರುಗುತ್ತದೋ ಅತ್ತ ಓಡುತ್ತದೆ. ನಿಮಗೆ ಬೇಕಾದದ್ದನ್ನು ಬಿಚ್ಚಿ ತೋರಿಸಿ, ಅಷ್ಟೆ.

ಅಲ್ಲೇ ಬಂದದ್ದು ತೊಡಕು. ಬೇಕಾದದ್ದನ್ನು ಬಿಚ್ಚಿ ತೋರಿಸುವ ಪದ್ಧತಿ ಚನ್ನವೀರಪ್ಪನವರ ಮನೆತನದಲ್ಲೇ ಇರಲಿಲ್ಲ. ಅವರ ತಂದೆ ಬ್ಯಾಡಗಿ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡಿದವರು. ಮೇಲೆ ಮುಖ ಕಲ್ಲು, ಕೆಳಗೆ ಬೆರಳು ಕುಣಿತ. ಬೇಕು ಎಂಬುದು ಮುಖದಲ್ಲಿ ಕಂಡರೆ ದರ ಏರಿತೆಂದೇ ಅರ್ಥ. ಈಗ ದರವೆಲ್ಲ ಮೊಬೈಲಿನಲ್ಲಿ ಬಂದರೂ ಟವೆಲ್ಲು ಹೆಗಲಿನಿಂದ ಇಳಿದಿರಲಿಲ್ಲ, ಕಲ್ಲು ಮುಖದಿಂದ ಇಳಿದಿರಲಿಲ್ಲ.

ಹಗ್ಗದ ಆಚೆ ಎಂಟು ನಾಯಿಗಳು, ಎಂಟು ಮಂದಿ ಯಜಮಾನರು ಕಣ್ಣು ಬಿಟ್ಟು ನಿಂತಿದ್ದರು. ಇಷ್ಟು ಪ್ರತಿಸ್ಪರ್ಧಿಗಳ ಎದುರು ನಾವು ಎಡಕ್ಕೋ ಬಲಕ್ಕೋ ಎಂದು ಡಂಗುರ ಸಾರುವುದೇ? ಚನ್ನವೀರಪ್ಪನವರು ಬಲಗೈಯನ್ನು ಟವೆಲ್ಲಿನಿಂದ ಮುಚ್ಚಿದರು. ಮುಖವನ್ನು ಕಲ್ಲು ಮಾಡಿದರು. ಟವೆಲ್ಲಿನ ಕೆಳಗೆ ಎರಡು ಬೆರಳು ಆಡಿಸಿದರು. ಎಡಕ್ಕೆ, ಅಡ್ಡಗೋಲಿನ ಕಡೆಗೆ!

"ಕಾಕಾ, ಹಾತ್ ದಾಖವಾ!" ಕೈ ತೋರಿಸಿ ಎಂದು ಹರ್ಷದಾ ಮರಾಠಿಯಲ್ಲಿ ಕೂಗಿದಳು.

ಕುಂದಾ ಮುಖ ನೋಡಿದಳು. ಕಲ್ಲು. ಟವೆಲ್ಲು ನೋಡಿದಳು. ಅಲುಗಾಡುತ್ತಿದೆ! ಮುಚ್ಚಿಟ್ಟ ಮಾಲೇ ಒಳ್ಳೆಯ ಮಾಲು ಎಂದು ಯಾವ ಗಿರಾಕಿಗಾದರೂ ಗೊತ್ತಿರುವಂತೆ ಅವಳಿಗೂ ಗೊತ್ತಿತ್ತು. ಒಂದೇ ನೆಗೆತಕ್ಕೆ ಟವೆಲ್ಲು ಕಿತ್ತುಕೊಂಡು ಸುರಂಗಕ್ಕೆ ನುಗ್ಗಿದಳು.

"ಏ! ಅಪ್ಪನ ಕಾಲದ ಟವೆಲ್ಲದು!" ಎನ್ನುತ್ತ ಚನ್ನವೀರಪ್ಪನವರೂ ಹಿಂದೆಯೇ ನುಗ್ಗಿದರು. ಕುಂದಾ ಇನ್ನೊಂದು ತುದಿಯಿಂದ ಹೊರಬಿದ್ದಳು. ಇವರು ನಡುವಿನ ತಿರುವಿನ ತನಕ ತೆವಳಿದರು. ಅಲ್ಲಿ ಹೊಟ್ಟೆ ತಿರುಗಲು ಒಪ್ಪಲಿಲ್ಲ. ಎಳೆದಾಡಿದಷ್ಟೂ ಹಳದಿ ಸುರಂಗ ಇಲಿ ನುಂಗಿದ ಹಾವಿನಂತೆ ಮೈದಾನದಲ್ಲಿ ಹೊರಳಾಡಿತು. ಹೊರಗೆ ಎಂಟು ನಾಯಿಗಳ ಬೊಗಳು, ಎಂಟು ಮಂದಿಯ ನಗು.

"ಅಯ್ಯ, ಇವರಿಗೇನಾತು!" ರಂಜನಾಬಾಯಿಯವರ ದನಿ. ಹಗ್ಗ ದಾಟಿದ ಸಪ್ಪಳ.

ಹಗ್ಗದೊಳಗೆ ತನ್ನೊಡತಿಯನ್ನು ಕಂಡದ್ದೇ ತಡ, ಕುಂದಾ ಟವೆಲ್ಲು ಬಿಸಾಡಿ ಮೊದಲ ಅಡ್ಡಗೋಲು ತಾನೇ ಜಿಗಿದಳು. ತಿರುಗಿ ನೋಡಿದಳು. ಎರಡನೆಯದರ ಮುಂದೆ ನಿಂತು ಕುಂಯ್ ಎಂದಳು. ಸುರಂಗದ ಬಾಯಿಯಾಚೆ ಚನ್ನವೀರಪ್ಪನವರಿಗೆ ಕಾಣುತ್ತಿದ್ದದ್ದು ಅಂಗೈಯಗಲದ ಹುಲ್ಲು, ಅದರ ಮೇಲೆ ಹೆಂಡತಿಯ ಎರಡು ಪಾದ. ಪಾದಗಳು ನಿಂತವು. ಅನುಮಾನಿಸಿದವು. ಆಮೇಲೆ ಚಪ್ಪಲಿ ಕಳಚಿದವು.

"ಜಿಗಿ, ಕುಂದಾ! ಹಾಂ, ನನ್ನ ಶಾಣ್ಯಾಕಿ!"

ಹಿಂದೆಯೇ ಬಂತು, ಹೊಟ್ಟೆಯಿಂದ ಬರುವ ಆ ನಗು.

ಅಷ್ಟರಲ್ಲಿ ಚನ್ನವೀರಪ್ಪನವರಿಗೆ ಒಂದು ಸಂಗತಿ ಹೊಳೆಯಿತು. ಉಸಿರು ಬಿಗಿ ಹಿಡಿದರೆ ಹೊಟ್ಟೆ ಜಾರುತ್ತದೆ, ಹೊರಗೆ ಹೋಗಬಹುದು. ಅವರು ಹೋಗಲಿಲ್ಲ. ತಾವು ಹೊರಬಂದರೆ ಓಟ ನಿಲ್ಲುತ್ತದೆ! ಕತ್ತಿನ ಮೇಲೆ ಇರುವೆ ಹರಿಯಿತು, ಹರಿಯಲಿ ಎಂದರು. ಕಣ್ಣು ಮುಚ್ಚಿ ಒಂದು ಸುತ್ತು, ಎರಡು ಸುತ್ತು ಕೇಳುತ್ತ ಮಲಗಿದರು.

ಸುರಂಗದ ಬಾಯಲ್ಲಿ ರಂಜನಾಬಾಯಿಯವರ ಬೆವೆತ ಮುಖ ಇಣುಕಿತು. "ಹೊರಗ ಬರ್ರಿ. ನೀವು ಸಿಕ್ಕೊಂಡಿಲ್ಲ, ನನಗ ಗೊತ್ತದ."

"ಯಾವಾಗಿಂದ?"

"ಎರಡನೇ ಸುತ್ತಿನಿಂದ. ಹೊರಳಾಡೂದು ನಿಂತಿತ್ತಲ್ಲ! ಮತ್ತ್ಯಾಕ ಮಲಗೀರಿ? ಏನು ಬೇಕು ನಿಮಗ?"

"ಏನಿಲ್ಲ." ಮೂವತ್ತು ವರ್ಷದ ಅಭ್ಯಾಸ!

ಮುಖ ಹಿಂದೆ ಸರಿಯಿತು.

"ಏ, ನಿಲ್ಲು! ನೀ ವಾರಾ ವಾರಾ ಬರಬೇಕು. ಹಿಂಗ ಓಡಬೇಕು, ನಗಬೇಕು. ನನಗ... ನನಗದು ಬೇಕಾಗೇದ."

"ಇಷ್ಟು ಹೇಳಾಕ ಹನ್ನೊಂದು ತಿಂಗಳೇನ್ರಿ? ಕುಂದಾ ಆರು ವಾರದಾಗ ಎಲ್ಲಾ ಕಲ್ತಿದ್ಲು!"

"ಮೈದಾನಕ್ಕ ಬರೂದು ಬಿಟ್ಟಾಕಿ ನೀನ ಅಲ್ಲೇನು?"

"ನಾ ಎಲ್ಲಿ ಬಿಟ್ಟೆ? ಆಸ್ಪತ್ರಿಯೊಳಗ ನೀವ ಅಂದ್ರಿ, 'ಈ ವಯಸ್ಸಿನಾಗ ನಾಯಿ ಹಿಂದ ಓಡೂದು ಸಾಕು, ಮಂದಿ ನಗತಾರ' ಅಂತ. ನಿಮಗ ಬ್ಯಾಡಾಗೇದ ಅಂತ ಮನ್ಯಾಗ ಕುಂತೆ."

ಅಂದದ್ದು ನಿಜ. ಹಾಸಿಗೆಯಲ್ಲಿ ಮಲಗಿದ್ದ ಹೆಂಡತಿಯನ್ನು ಕಂಡು ಜೀವ ಹಾರಿಹೋಗಿತ್ತು. ಹೆದರಿಕೆಯನ್ನು ಮುಖದಲ್ಲಿ ತೋರಿಸಬಾರದೆಂದು ಬಾಯಿಗೆ ಬಂದದ್ದನ್ನು ಅಂದಿದ್ದರು, ಆಮೇಲೆ ಮರೆತಿದ್ದರು. ರಂಜನಾಬಾಯಿಯವರು ಮರೆತಿರಲಿಲ್ಲ.

ಚನ್ನವೀರಪ್ಪನವರು ಮೊಣಕೈಯೂರಿ ತೆವಳುತ್ತ ಬೆಳಕಿಗೆ ಬಂದರು. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ರಂಜನಾಬಾಯಿಯವರಿಗೆ ಅವರು ಹನ್ನೊಂದು ತಿಂಗಳ ಭಾನುವಾರಗಳ ಬಾಕಿ ತೀರಿಸಬೇಕು.