ಮಾವನವರ ಗಂಟೆಗೆ ಸೆಲ್ಲು

ಬೆಳಗ್ಗೆ ಏಳೂಕಾಲಿಗೆ ಮಾವನವರ ಗಂಟೆ ಸತ್ತುಹೋಯಿತು.

ಗಂಟೆಯೆಂದರೆ ಕೈಯಲ್ಲಿ ಆಡಿಸುವಂಥದ್ದಲ್ಲ. ದಾರ ಕಟ್ಟಿದ ಒಂದು ಗುಂಡಿ ಮಾವನವರ ಕೊರಳಲ್ಲಿ ನೇತಾಡುತ್ತಿತ್ತು; ಅದನ್ನು ಒತ್ತಿದರೆ ಅಡುಗೆಮನೆಯ ಗೋಡೆಯ ಮೇಲಿನ ಡಬ್ಬಿ ಕೀರಲು ದನಿಯಲ್ಲಿ ಅರಚಿಕೊಳ್ಳುತ್ತಿತ್ತು. ಕಾಲು ಮುರಿದುಕೊಂಡು ಹದಿನೈದು ದಿನದ ಮಟ್ಟಿಗೆ ಮಗಳ ಮನೆಗೆ ಬಂದವರು ಈಗ ಐದನೆಯ ತಿಂಗಳಲ್ಲಿದ್ದರು. ಮೂಳೆ ಎಂದೋ ಕೂಡಿಕೊಂಡಿತ್ತು. ಆದರೆ ಬೆರಳಿಗೆ ಗುಂಡಿಯ ಚಟ ಹತ್ತಿಬಿಟ್ಟಿತ್ತು. ನೀರು ತರಲು ಒಂದು ಸಲ, ಲೋಟ ಒಯ್ಯಲು ಇನ್ನೊಂದು ಸಲ, ಫ್ಯಾನು ಎರಡರಿಂದ ಮೂರಕ್ಕೆ, ಮತ್ತೆ ಮೂರರಿಂದ ಎರಡಕ್ಕೆ. ಡಬ್ಬಿ ವಾರಕ್ಕೆ ನಾಲ್ಕು ಸೆಲ್ಲು ನುಂಗುತ್ತಿತ್ತು. ಅದರ ಹೊಟ್ಟೆ ತುಂಬಿಸಲು ಹೋಗಿ ಟಾರ್ಚು, ಗೋಡೆ ಗಡಿಯಾರ, ಟಿವಿ ರಿಮೋಟು ಎಲ್ಲವೂ ಬರಿದಾಗಿ ಬಿದ್ದಿದ್ದವು.

"ಅರ್ಧ ಗಂಟೆಯಿಂದ ಒತ್ತುತ್ತಾ ಇದೀನಿ!" ಮಾವನವರು ಅಡುಗೆಮನೆ ಬಾಗಿಲಲ್ಲಿ ನಿಂತು ಗುಡುಗಿದರು. "ಕರೆದರೆ ಕೇಳೋರಿಲ್ಲ ಈ ಮನೇಲಿ!"

ಅಷ್ಟು ಹೊತ್ತಿನಲ್ಲಿ ಇಲ್ಲಿಗೆ ಹತ್ತು ಸಲ ನಡೆದು ಬರಬಹುದಿತ್ತು ಎಂಬ ಮಾತು ಅಳಿಯನ ನಾಲಿಗೆ ತುದಿಗೆ ಬಂದು, ಹೆಂಡತಿಯ ಕಣ್ಣು ಕಂಡು ಹಿಂದೆ ಸರಿಯಿತು. ಮಾವನವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಸದ್ದಿಗೆ ಪಾತ್ರೆ ಸ್ಟ್ಯಾಂಡು ನಡುಗಿತು.

"ರೀ, ಸಂಜೆಯೊಳಗೆ ಚಾರ್ಜ್ ಆಗೋ ಸೆಲ್ಲು, ಚಾರ್ಜರ್ರು ಎರಡೂ ಬರ್ಬೇಕು. ಅಪ್ಪನ ಮುಖ ಎಷ್ಟು ಸಣ್ಣಗಾಯ್ತು ನೋಡಿದ್ರಾ?"

ಅಳಿಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. "ಈಗ ಚೆನ್ನಾಗಿ ಕಾಣುತ್ತಾ? ಮೊದಲಿನದಾ, ಇದಾ?" ಎಂದು ದಿನವಿಡೀ ನಯವಾಗಿ ಕೇಳುವುದೇ ಅವನ ಕೆಲಸ. ಅಲ್ಲಿ ಸಿಟ್ಟು ಮಾಡುವಂತಿಲ್ಲ, ಮನೆಯಲ್ಲಿ ಮಾಡುವ ಧೈರ್ಯವಿಲ್ಲ. ಹೀಗಾಗಿ ಐದು ತಿಂಗಳ ಸಿಟ್ಟು ಮುಚ್ಚಳ ಬಿಗಿದ ಕುಕ್ಕರಿನಂತೆ ಅವನೊಳಗೇ ಕುದಿಯುತ್ತಿತ್ತು. ಸೆಲ್ಲು ತರಲು ರಜ ಬೇಕೆಂದು ಫೋನಿನಲ್ಲಿ ಕೇಳಿದಾಗ ಅಂಗಡಿ ಮಾಲೀಕ ಬೈದ ಬೈಗುಳವೂ ಅದೇ ಕುಕ್ಕರಿಗೆ ಸೇರಿತು.

ಮೆಟ್ಟಿಲಿಳಿಯುವಾಗ ಕೆಳಮನೆಯ ನಿವೃತ್ತ ಲೈನ್‌ಮನ್ ಅಡ್ಡ ಬಂದರು.

"ಸೆಲ್ಲಿಗಾ? ಒಬ್ರೇ ಹೋಗ್ಬೇಡಿ ಸಾರ್, ಟೋಪಿ ಹಾಕ್ತಾರೆ. ತಡೀರಿ, ಚಪ್ಪಲಿ ಮೆಟ್ಕೊಂಡು ಬಂದೆ."

"ಬೇಡ, ನಿಮಗ್ಯಾಕೆ ತೊಂದ್ರೆ..."

"ಕರೆಂಟಿನ ವಿಷ್ಯದಲ್ಲಿ ನಂಗೆಂಥಾ ತೊಂದ್ರೆ!"

ಅಂಗಡಿಯವನು ಗಾಜಿನ ಮೇಲೆ ಪ್ಯಾಕೆಟ್ಟುಗಳನ್ನು ಹರಡಿದ. "ಎರಡು ಸಾವಿರದ್ದು ಬೇಕಾ, ಎರಡೂವರೆ ಸಾವಿರದ್ದಾ?"

"ಅಷ್ಟೊಂದು ದುಡ್ಡಾ?"

"ಬೆಲೆಯಲ್ಲ ಸಾರ್, ಒಳಗೆ ಎಷ್ಟು ಕರೆಂಟು ಹಿಡಿಯುತ್ತೆ ಅನ್ನೋ ಲೆಕ್ಕ."

"ದೊಡ್ಡದೇ ಕೊಡಿ," ಎಂದ ಅಳಿಯ.

"ಅಯ್ಯೋ, ಮೋಸ ಹೋಗ್ತೀರಾ!" ಲೈನ್‌ಮನ್ ಕೈ ಹಿಡಿದರು. "ಈ ದೊಡ್ಡದನ್ನ ಸುಮ್ನೆ ಇಟ್ರೂ ಒಳಗೊಳಗೇ ಸೋರಿಹೋಗುತ್ತೆ. ಚಿಕ್ಕದೇ ಗಟ್ಟಿ."

"ಸೋರೋದು ಹಳೇ ಕಾಲದ್ದು," ಅಂಗಡಿಯವನು ಮುಖ ಗಂಟಿಕ್ಕಿದ. "ಚಾರ್ಜರ್ ಯಾವುದು? ಎರಡು ಗಂಟೆದಾ, ಎಂಟು ಗಂಟೆದಾ?"

"ಎಂಟು ಗಂಟೆದು. ನಿಧಾನವಾಗಿ ತುಂಬಿದ್ರೆ ಆಯಸ್ಸು ಜಾಸ್ತಿ," ಎಂದರು ಲೈನ್‌ಮನ್.

"ಇವರಿಗೆ ಸಂಜೆಗೆ ಬೇಕಂತಲ್ಲ! ಎರಡು ಗಂಟೆದು ತಗೊಳ್ಳಿ. ತುಂಬಿದ ತಕ್ಷಣ ತಾನೇ ನಿಲ್ಲುತ್ತೆ."

"ತಾನೇ ನಿಲ್ಲುತ್ತೆ ಅನ್ನೋದನ್ನೆಲ್ಲ ನಾನು ಮೂವತ್ತು ವರ್ಷ ಕಂಬದ ಮೇಲೆ ನೋಡಿದೀನಿ ಕಣಯ್ಯಾ!"

ಮುಕ್ಕಾಲು ಗಂಟೆ ಇಬ್ಬರೂ ಜಗಳವಾಡಿದರು. ಕೊಳ್ಳಬೇಕಾದವನು ನಡುವೆ ಸಾಕ್ಷಿಯಂತೆ ನಿಂತಿದ್ದ. ಮೊದಲಿನದಾ, ಇದಾ ಎಂದು ಕೇಳಿದಾಗ ತನ್ನ ಗಿರಾಕಿಗಳು ಯಾಕೆ ಪಿಳಿಪಿಳಿ ಕಣ್ಣು ಬಿಡುತ್ತಾರೆಂದು ಅವನಿಗೆ ಅಂದು ಅರ್ಥವಾಯಿತು. ಕಡೆಗೆ ಹಲ್ಲು ಕಚ್ಚಿ ಎರಡು ಸಾವಿರದ ಸೆಲ್ಲು ನಾಲ್ಕು, ಬೇಗ ತುಂಬುವ ಚಾರ್ಜರ್ ಒಂದು ಕಟ್ಟಿಸಿಕೊಂಡ. ಇಬ್ಬರಿಗೂ ಅರ್ಧರ್ಧ ಸಮಾಧಾನವಾಯಿತು.

ಮನೆಗೆ ಬಂದು ಪ್ಯಾಕೆಟ್ಟು ಹರಿದಾಗ ಹೆಂಡತಿ ಕೇಳಿದಳು: "ಡಬ್ಬಿಗೇನೋ ಆಯ್ತು. ಗುಂಡಿಗೆ? ಅದೂ ಸತ್ತಿದೆ. ಅದಕ್ಕೆ ಕಡ್ಡಿಯಂಥ ಸಣ್ಣ ಸೆಲ್ಲಲ್ವಾ?"

ಮತ್ತೆ ಬಿಸಿಲಲ್ಲಿ ಓಡಿದ. ಅಂಗಡಿಯವನು ನಿರಾಳವಾಗಿ, "ಒಡೆದ ಪ್ಯಾಕೆಟ್ ವಾಪಸ್ ಇಲ್ಲ ಸಾರ್," ಎಂದ.

"ನಾನು ವಾಪಸ್ ಕೇಳಿದ್ನೇನ್ರೀ?" ಕುಕ್ಕರಿನ ಮುಚ್ಚಳ ಹಾರಿಯೇಬಿಟ್ಟಿತು. "ಒಂದು ಲೋಟ ನೀರಿಗೆ ಒಂದು ಸಲ! ಆ ಲೋಟ ಎತ್ತೋಕೆ ಇನ್ನೊಂದು ಸಲ! ನಮ್ಮನ್ನ ಮನುಷ್ಯರು ಅಂದ್ಕೊಂಡಿದೀರಾ, ಏನಂದ್ಕೊಂಡಿದೀರಾ? ಐದು ತಿಂಗಳು! ಐದು ತಿಂಗಳು ಸಹಿಸಿದೀನಿ ನಿಮ್ಮನ್ನ!"

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಅಂಗಡಿಯವನು ಸ್ಟೂಲು ಮುಂದೆ ತಳ್ಳಿ, ಮೆಲ್ಲನೆ ಕೇಳಿದ: "ಸಾರ್, ನಾವಿಬ್ರೂ ಭೇಟಿಯಾಗಿದ್ದೇ ಇವತ್ತು. ಮನೇಲಿ ಯಾರ ಮೇಲಾದ್ರೂ ಸಿಟ್ಟಾ?"

ಅಳಿಯ ಸ್ಟೂಲಿನ ಮೇಲೆ ಕುಸಿದು, ನೀರು ಕುಡಿದು, ಸಣ್ಣ ಸೆಲ್ಲು ಎರಡು ಕೊಂಡು ಎದ್ದುಬಂದ.

ಅಷ್ಟರಲ್ಲಿ ಮನೆಯಲ್ಲಿ ಲೈನ್‌ಮನ್ ಹೊಸ ಚಾರ್ಜರಿಗೆ ಹಳೆಯ ಸಾದಾ ಸೆಲ್ಲು ತುರುಕಿ ಕೂತಿದ್ದರು. "ಇದಕ್ಕೂ ಸ್ವಲ್ಪ ಜೀವ ಬರ್ಲಿ ಅಂತ." ಚಾರ್ಜರಿನ ಕೆಂಪು ದೀಪ ಪಟಪಟನೆ ಮಿಟುಕುತ್ತಿತ್ತು. ಬೆಚ್ಚಗಾದ ಸೆಲ್ಲಿನ ತುದಿಯಿಂದ ಏನೋ ಒಸರುತ್ತಿತ್ತು.

"ಅದು ಚಾರ್ಜ್ ಆಗೋ ಸೆಲ್ಲಲ್ರೀ! ತೆಗೀರಿ! ಸಿಡಿದ್ರೆ ಯಾರು ಗತಿ?" ಆತ ಕಿರುಚಿ ಪ್ಲಗ್ಗು ಕಿತ್ತ. ಒದ್ದೆಯನ್ನು ಒರೆಸಿ, ಒಣಗಿಸಿ, ಮತ್ತೆ ಪ್ಲಗ್ಗು ಚುಚ್ಚಿ, ಹೊಸ ಸೆಲ್ಲುಗಳನ್ನು ಕೂರಿಸಿದ. ಲೈನ್‌ಮನ್ ಇನ್ನೊಂದು ಪ್ರಯೋಗಕ್ಕೆ ಕೈ ಹಾಕದಂತೆ, ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡನ ಹಾಗೆ ಅದರ ಮುಂದೆಯೇ ಕಾದು ಕೂತ. ಮೊದಲು ನಾಲ್ಕು, ಆಮೇಲೆ ಎರಡು. ಸಂಜೆ ಐದೂವರೆಗೆ ಕೊನೆಯ ಹಸಿರು ದೀಪ ಹತ್ತಿತು.

ಡಬ್ಬಿಗೆ ನಾಲ್ಕು, ಗುಂಡಿಗೆ ಎರಡು ಹಾಕಿ, ಮಾವನವರ ಕೋಣೆಯ ಬಾಗಿಲು ತಟ್ಟಿದ. ಹಿಂದೆಯೇ ಹೆಂಡತಿ ಮತ್ತು ಲೈನ್‌ಮನ್ ಬಂದರು. ಬೆಳಗ್ಗಿನಿಂದ ತೆಗೆಯದ ಬಾಗಿಲು ತೆರೆಯಿತು. ಮಾವನವರು ಇಸ್ತ್ರಿ ಅಂಗಿ, ಬೂಟು ತೊಟ್ಟು ನಿಂತಿದ್ದರು. ಅಳಿಯ ಗುಂಡಿ ಕೊಟ್ಟ. ಅವರು ಒತ್ತಿದರು. ಅಡುಗೆಮನೆ ಕಿವಿಗಡಚಿಕ್ಕುವಂತೆ ಅರಚಿತು.

ಮಾವನವರ ಕಣ್ಣಲ್ಲಿ ನೀರಾಡಿತು. ಜೇಬಿನಿಂದ ಫೋನು ತೆಗೆದು ತಮ್ಮ ಮಗನಿಗೆ ಕರೆ ಮಾಡಿದರು.

"ಮಗಾ, ಎಲ್ಲಿದೀಯಾ? ಗೇಟ್ ಹತ್ರಾನಾ? ಹಾಗೇ ಕಾರು ತಿರುಗಿಸ್ಕೊಂಡು ಹೋಗ್ಬಿಡಪ್ಪಾ. ನಾನು ಬರಲ್ಲ. ಬೆಳಗ್ಗೆ ಬೇಜಾರಲ್ಲಿ ಬಾ ಅಂದಿದ್ದೆ. ಅಳಿಯಂದ್ರು ಪಾಪ, ರಜ ಹಾಕಿ ಇಡೀ ದಿನ ನನಗೋಸ್ಕರ ಓಡಾಡಿದಾರೆ. ಇಂಥವರನ್ನ ಬಿಟ್ಟು ಹ್ಯಾಗೆ ಬರ್ಲಿ?"

ಆಗ ಅಳಿಯನಿಗೆ ಮಂಚದ ಮೇಲಿನ ಪೆಟ್ಟಿಗೆ ಕಂಡಿತು. ತುಂಬಿ, ಬೀಗ ಹಾಕಿ, ಹೊರಡಲು ಸಿದ್ಧವಾಗಿತ್ತು. ಕಿಟಕಿಗೆ ಓಡಿದ. ಕೆಳಗೆ ಬಿಳಿ ಕಾರೊಂದು ಹಿಂದೆ ಮುಂದೆ ಹೊರಳಿ, ರಸ್ತೆಯ ತಿರುವಿನಲ್ಲಿ ಮರೆಯಾಯಿತು.

"ನಿನಗೆ ಗೊತ್ತಿತ್ತಾ?" ಹೆಂಡತಿಯನ್ನು ಕೇಳಿದ.

"ಬೆಳಗ್ಗೆನೇ ಹೇಳಿದ್ರು, ಸಂಜೆಯೊಳಗೆ ಸರಿಹೋಗ್ದಿದ್ರೆ ಹೊರಟೆ ಅಂತ," ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಿಮಗೆ ಹೇಳಿದ್ರೆ ಸುಮ್ನೆ ನೊಂದ್ಕೋತೀರಿ ಅಂತ ಬಾಯಿ ಬಿಡಲಿಲ್ಲ."

"ಅಂದಹಾಗೆ," ಮಾವನವರು ಲೈನ್‌ಮನ್ ಕಡೆ ತಿರುಗಿದರು, "ಈ ಸೆಲ್ಲನ್ನ ಎಷ್ಟು ಸಲ ತುಂಬಿಸ್ಬಹುದು?"

"ಸಾವಿರ ಸಲ ಅಂತಾರೆ ಯಜಮಾನ್ರೇ! ಇಪ್ಪತ್ತು ವರ್ಷ ಚಿಂತೆಯಿಲ್ಲ!"

"ಸಾವಿರ!" ಮಾವನವರು ತೃಪ್ತಿಯಿಂದ ಮಂಚದ ಮೇಲೆ ಕಾಲು ಚಾಚಿ, ಬೂಟಿನ ಕಡೆ ನೋಡಿದರು. ಆಮೇಲೆ, ಅಳಿಯ ಒಂದು ಮಾರು ದೂರದಲ್ಲೇ ನಿಂತಿದ್ದರೂ, ಗುಂಡಿ ಒತ್ತಿದರು.