ದೇಸಾಯರ ಕಾರಿನ ಉಬ್ಬಸ

ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ, ಹೆದರಿಕೆ ಮಾತ್ರ ಇದೆ. ಇದನ್ನು ಹೊರಗೆ ಹೇಳುವಂತಿಲ್ಲ. ನನ್ನ ಕೆಲಸ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ. ಪೆಟ್ಟಿಗೆಯಲ್ಲಿ ಮಲಗಿ ತಮ್ಮ ತಮ್ಮ ದೇಶಕ್ಕೆ ಹೊರಟವರ ಕಾಗದಪತ್ರಕ್ಕೂ ನಾನೇ ಮುದ್ರೆ ಒತ್ತಬೇಕು. ಅಲ್ಲಿ ಕೈ ನಡುಗದವನು, ಲಂಡನ್ನಿನ ಅಂಚಿನ ಫೆಲ್ಥಮ್ಮಿನಲ್ಲಿ ನಮ್ಮ ಮನೆ ಮುಂದೆ ನಿಂತಿದ್ದ ಹಳೆಯ ಕಾರಿಗೆ ಹೆದರಿ ಎರಡು ವಾರ ಬಸ್ಸಿನಲ್ಲಿ ಓಡಾಡಿದೆ ಎಂದರೆ ನೀವು ನಗುತ್ತೀರಿ. ತೊಂಬತ್ತರ ದಶಕದ ಮಾತು, ನಕ್ಕುಬಿಡಿ.

ಕಾರು ಡಾಕ್ಟರ್ ದೇಸಾಯರದು. ಧಾರವಾಡದವರು, ಆಸ್ಪತ್ರೆಯಲ್ಲಿ ಎದೆರೋಗದ ವೈದ್ಯರು, ತಮಗೇ ಉಬ್ಬಸ. ದೇವರಿಲ್ಲ ಎಂದು ನಮ್ಮ ಮನೆಯಲ್ಲೇ ಕೂತು ವಾದಿಸುತ್ತ ಗಣೇಶನ ಕಡುಬನ್ನು ಮಾತ್ರ ಬಿಡದೆ ತಿನ್ನುತ್ತಿದ್ದರು. ಆ ಬೇಸಿಗೆಯಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಶಾಂತಕ್ಕ ಕೀಲಿಕೈಯನ್ನು ನನ್ನ ಕೈಗಿಟ್ಟು, ಇದು ಓಡುತ್ತಿರಲಿ, ಇದರ ಸದ್ದು ಕೇಳಿದರೆ ಅವರು ಮನೆಗೆ ಬಂದಂತಾಗುತ್ತದೆ ಎಂದರು. ನಾನು ಮಾತು ಕೊಟ್ಟೆ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಕಾರು ಕೆಮ್ಮತೊಡಗಿತು. ದೇಸಾಯರು ನಮ್ಮ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರಲ್ಲ, ಅದೇ ಕೆಮ್ಮು, ನಡುವೆ ಅದೇ ಮೌನ. ಹಿಂದೆ ಕಪ್ಪು ಹೊಗೆ. ಮಂಜಿನಲ್ಲಿ ಅದು ಚದುರದೆ ನನ್ನ ಬೆನ್ನಿಗೇ ಬರುತ್ತಿತ್ತು. ಒಳಗೆ ಪೆಟ್ರೋಲ್ ವಾಸನೆ. ಹೀಟರ್ ಹಾಕಿದರೆ ಅದರ ಜೊತೆಗೆ ಬಾಡಿದ ಚೆಂಡುಹೂವಿನ ವಾಸನೆ, ಹೆಣದ ಮೇಲಿನ ಹಾರದ್ದು. ದೇಸಾಯರ ಬೀದಿಯ ತಿರುವಿಗೆ ಬಂದರೆ ಎಂಜಿನ್ ನಿಂತೇಬಿಡುತ್ತಿತ್ತು. ಅಲ್ಲಿ ವೇಗ ತಗ್ಗಿಸುವುದರಿಂದ ಹಾಗಾಗುತ್ತದೆ ಎಂದು ನನ್ನ ತಲೆಗೆ ಗೊತ್ತಿತ್ತು, ಬೆನ್ನುಹುರಿಗೆ ಗೊತ್ತಿರಲಿಲ್ಲ.

ಗ್ರಂಥಾಲಯದಿಂದ ರಿಪೇರಿ ಪುಸ್ತಕ ತಂದೆ. ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಕಪ್ಪು ಹೊಗೆ ಬರುತ್ತದೆ ಎಂದಿತ್ತು. ಪ್ಲಗ್ ಬಿಚ್ಚಿದೆ, ಬರೀ ಮಸಿ. ಹೊಸವನ್ನು ಹಾಕಿದೆ, ಮೂರೇ ದಿನಕ್ಕೆ ಅವೂ ಮಸಿ. ಗಾಳಿ ತಡೆಯುವ ಚೋಕ್ ಸಿಕ್ಕಿಕೊಂಡಿದೆಯೇ ಎಂದು ಎಳೆದು ನೋಡಿದೆ, ಸರಿಯಾಗಿತ್ತು. ಪೆಟ್ರೋಲ್ ತಗ್ಗಿಸಲು ಕಾರ್ಬ್ಯುರೇಟರಿನ ತಿರುಪು ತಿರುಗಿಸಿದೆ. ಎಂಜಿನ್ ಉದ್ದಕ್ಕೆ ನಿಟ್ಟುಸಿರಿಟ್ಟು ಆರಿಹೋಯಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕ್ಷಮಿಸಿ ಡಾಕ್ಟ್ರೇ ಎಂದೆ. ಆಮೇಲೆಯೇ ಬಸ್ಸು ಹಿಡಿದದ್ದು.

ಕೊನೆಗೆ, ಗುಜರಿಗೆ ಹಾಕದೆ ಬೇರೆ ದಾರಿಯಿಲ್ಲ ಎಂದು ಶಾಂತಕ್ಕನಿಗೆ ಹೇಳಿದೆ. ಅವರು ಅಳಲಿಲ್ಲ, ಕುರ್ಚಿ ಹಿಡಿದು ಕೂತುಬಿಟ್ಟರು. ಹೇಳಿದ್ದಕ್ಕೆ ನನಗೆ ಸಂಕಟವಾಯಿತು. ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸೋಣ, ನಾನೂ ಬರುತ್ತೇನೆ ಎಂದರು.

ಮೆಕ್ಯಾನಿಕ್ ಗುರ್ಮೀತ್ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿ, ಇದಕ್ಕೆ ಉಸಿರು ಸಿಗುತ್ತಿಲ್ಲ ಎಂದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯೊಳಗೆ ಅವನು ಇಕ್ಕಳ ತೂರಿಸಿ ಎಳೆದ. ದಾರ ಬಂತು, ಒಣಗಿದ ಚೆಂಡುಹೂವು ಬಂತು, ಅದರ ಹಿಂದೆ ಮುದುಡಿದ ಕೆಂಪು ರವಿಕೆ ಖಣವೊಂದು ಬಂತು.

ಆಗ ನೆನಪಾಯಿತು. ಆ ಅಕ್ಟೋಬರಿನ ಆಯುಧಪೂಜೆಯ ದಿನ ಕಾರಿನ ಹೊರಗೆ ಕುಂಕುಮ ಬಳಿದರೆ, ಅಪಘಾತವಾಯಿತೇ ಎಂದು ನೆರೆಮನೆಯ ಮುದುಕಿ ಕೇಳುತ್ತಾಳೆಂಬ ನಾಚಿಕೆಗೆ, ನಾನು ಬಾನೆಟ್ ಎತ್ತಿ, ಒಳಗೇ ಖಣ ಹಾಸಿ, ಹಾರವಿಟ್ಟು, ಕೈಮುಗಿದು ಮುಚ್ಚಿದ್ದೆ. ಮರುದಿನ ಅವು ಕಾಣಲಿಲ್ಲ; ದಾರಿಯಲ್ಲಿ ಬಿದ್ದುಹೋಗಿರಬೇಕು ಎಂದು ಮರೆತುಬಿಟ್ಟಿದ್ದೆ. ಎಂಜಿನ್ನೇ ಅವನ್ನು ಒಳಗೆಳೆದುಕೊಂಡಿತ್ತು. ದೇಸಾಯರ ಕಾರಿನ ಉಸಿರು ಕಟ್ಟಿಸಿದವನು ನಾನೇ.

ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶಾಂತಕ್ಕ ಖಣವನ್ನು ಕೈಗೆತ್ತಿಕೊಂಡು ಬಿಡಿಸುತ್ತಿದ್ದರು. ಹಿಂದಿನ ವರ್ಷ ನನ್ನ ಹೆಂಡತಿಗೆ ಉಡಿ ತುಂಬುವಾಗ ಅವರೇ ಕೊಟ್ಟದ್ದು ಅದು. ಅವರಿಗೆ ಆ ನೆನಪಿರಲಿಲ್ಲ.

"ಇದು ನನ್ನ ಪೆಟ್ಟಿಗ್ಯಾಗಿಂದು," ಎಂದರು. "ದೇವರಿಲ್ಲ ದೇವರಿಲ್ಲ ಅಂತಿದ್ರು. ನನಗ ಕಾಣಧಂಗ ಪೂಜಾ ಮಾಡ್ಯಾರ ನೋಡ್ರಿ."

ದೇಸಾಯರು ತೀರಿಕೊಂಡ ಮೇಲೆ ಶಾಂತಕ್ಕ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಬಾಯಿ ಮುಚ್ಚಿಕೊಂಡೆ. ನಿಜ ಹೇಳಿಬಿಡೋಣವೆಂದು ಆಮೇಲೆ ಮೂರು ಸಲ ಅವರ ಮನೆಗೆ ಹೋದೆ. ಖಣ ದೇಸಾಯರ ಫೋಟೋದ ಮುಂದಿತ್ತು, ಪಕ್ಕದಲ್ಲಿ ದೀಪ ಉರಿಯುತ್ತಿತ್ತು. ಮೂರು ಸಲವೂ ಚಹಾ ಕುಡಿದು ಬಂದೆ.

ಕಾರು ಮತ್ತೆ ಕೆಮ್ಮಲಿಲ್ಲ. ಮರುವರ್ಷದ ಆಯುಧಪೂಜೆಗೆ ಹಾರದ ಸಹವಾಸವೇ ಬೇಡವೆಂದು ಕಾರಿಗೆ ಬರಿಗೈ ಮುಗಿದೆ. ಮುಂದಿನ ಸೀಟಿನಲ್ಲಿ ಕೂತಿದ್ದ ಶಾಂತಕ್ಕ ಅದನ್ನು ನೋಡಿ ಸುಮ್ಮನಿರಲಿಲ್ಲ.

"ಅವರು ಕದ್ದಾದ್ರೂ ಒಂದು ಹಾರ ಏರಿಸಿದ್ರು. ನಿಮಗ ಅಷ್ಟೂ ಭಕ್ತಿ ಇಲ್ಲಲ್ರೀ."

ಇಲ್ಲ ಎಂದು ಒಪ್ಪಿಕೊಂಡೆ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕಂತಾಯಿತು. ನಾನು ತಿರುಗಿ ನೋಡಲಿಲ್ಲ.